ಅತ್ತೆ ಕೊಟ್ಟ ರಕ್ತ

ಆಗದ ಮಾತು ಎಂದು ಮೊದಲು ಹೇಳಿದವಳು ನನ್ನ ಸೋದರತ್ತೆ. ಆಮೇಲೆ ಬೇರೆಯವರೂ ಹೇಳಿದರು. ಕಾಲೇಜಿನ ಮೇಷ್ಟ್ರೊಬ್ಬರು ನಗುತ್ತ ಹೇಳಿದರು, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅಪ್ಪನ ಪರಿಚಯದವರು ಮರುಕಪಟ್ಟು ಹೇಳಿದರು. ಅತ್ತೆ ನಗಲೂ ಇಲ್ಲ, ಮರುಗಲೂ ಇಲ್ಲ. ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತ, ನಾಳೆ ಸೋಮವಾರ ಎಂದು ಹೇಳುವಷ್ಟೇ ಸಲೀಸಾಗಿ ಹೇಳಿದಳು.

ಅಪ್ಪ ಬಾಗಿಲಲ್ಲಿ ನಿಂತಿದ್ದರು. ಅವರ ಬೆನ್ನ ಹಿಂದೆ ನಾನು, ಪಿಯುಸಿ ಪಾಸಾದ ಖುಷಿ ಮುಖದಲ್ಲಿ ಕಾಣದ ಹಾಗೆ ತಡೆದುಕೊಂಡು ನಿಂತಿದ್ದೆ.

"ಇವ್ಳನ್ನ ಸಾಗರಕ್ಕೆ ಹಾಕ್ತೀನಿ, ಬಿಎಸ್ಸಿಗೆ" ಅಂದರು ಅಪ್ಪ.

"ಹಾಕು. ಆಮೇಲೆ?"

"ಆಮೇಲೂ ಓದ್ಬೇಕಂತೆ. ಓದಿ ಓದಿ ಡಾಕ್ಟ್ರು ಆಗದು ಎಂತದೋ ಇದ್ಯಂತೆ, ಆಸ್ಪತ್ರೆದಲ್ಲ, ಬೇರೆ."

"ಆಗದ ಮಾತು. ನಮ್ ಪೈಕಿ ಪಿಯುಸಿ ದಾಟಿದ ಹೆಣ್ಣು ಒಂದಿದ್ರೆ ತೋರ್ಸು ನೋಡನ. ಇವ್ಳು ಡಾಕ್ಟ್ರಾದ ದಿನ ನಾನೇ ಕೈ ಚಾಚಿ ಇವ್ಳ ಹತ್ರ ಸೂಜಿ ಚುಚ್ಚಿಸ್ಕಣ್ತೀನಿ."

ಅಲ್ಲಿದ್ದ ಇನ್ನೊಬ್ಬ ಅಡುಗೆಯಾಕೆ ಕಿಸಕ್ಕನೆ ನಕ್ಕಳು. ಅತ್ತೆ ಸಿಕ್ಕಿದ ಕಲ್ಲೊಂದನ್ನು ಕಿಟಕಿಯಾಚೆ ಎಸೆದಳು. ಅಲ್ಲಿಗೆ ಮಾತು ಮುಗಿಯಿತು.

ಅತ್ತೆಯ ಊರು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಕಾಡಿನ ಅಂಚಿಗಿರುವ ಸಣ್ಣ ಹಳ್ಳಿ. ಗಂಡ ತೀರಿಕೊಂಡ ಮೇಲೆ ಶಾಲೆಯ ಅಡುಗೆ ಕೆಲಸ ಹಿಡಿದಿದ್ದಳು. ನನ್ನ ಅಮ್ಮ ನಾನು ಚಿಕ್ಕವಳಿರುವಾಗಲೇ ತೀರಿಹೋದ್ದರಿಂದ ನನ್ನ ರಜೆಗಳೆಲ್ಲ ಅತ್ತೆಯ ಮನೆಯಲ್ಲೇ ಕಳೆದವು. ನನ್ನ ತಲೆಗೆ ಎಣ್ಣೆ ಹಚ್ಚಿ ಹೇನು ತೆಗೆದವಳು ಅವಳು. ಆಚೆಮನೆಯವರು ಸಾರು ಕೊಟ್ಟ ಪಾತ್ರೆಯನ್ನು ಹಿಂದಿರುಗಿಸಲು ನನ್ನನ್ನು ಕಳಿಸುವಾಗ ಅದರೊಳಗೆ ಒಂದು ಚೂರು ಬೆಲ್ಲವೋ ಎರಡು ನಿಂಬೆಹಣ್ಣೋ ಹಾಕದೆ ಬಿಟ್ಟವಳಲ್ಲ. ಮನೆಯಲ್ಲಿ ಏನೂ ಇಲ್ಲದ ದಿನ ಒಂದು ಹಿಡಿ ಅಕ್ಕಿ. ಒಮ್ಮೆ ನಾನು ಆಟದ ಆತುರದಲ್ಲಿ ಪಾತ್ರೆಯನ್ನು ಖಾಲಿ ಕೊಟ್ಟು ಬಂದೆ. ಅವಳು ನನ್ನನ್ನು ರಟ್ಟೆ ಹಿಡಿದು ವಾಪಸು ಕರೆದುಕೊಂಡು ಹೋಗಿ, ಆ ಮನೆಯ ಬಾಗಿಲಲ್ಲಿ ನಿಲ್ಲಿಸಿ, ಬೆಲ್ಲ ಕೊಡಿಸಿದಳು. ಎಣ್ಣೆ ಹಚ್ಚಿದ ಕೈಯೂ ಆಗದು ಎಂದ ಬಾಯಿಯೂ ಒಬ್ಬಳದೇ ಆದ್ದರಿಂದ ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಜಾಗವಿರಲಿಲ್ಲ.

ಅಪ್ಪ ಮತ್ತು ನಾನು ಇದ್ದದ್ದು ಮಾಸ್ತಿಕಟ್ಟೆಯಲ್ಲಿ. ಅಣೆಕಟ್ಟಿನ ಕೆಲಸಕ್ಕೆ ಕೂಲಿಯಾಗಿ ಬಂದ ಅಪ್ಪ, ಕೆಲಸ ಮುಗಿದು ಎಲ್ಲರೂ ಹೋದ ಮೇಲೂ ಉಳಿದವರು. ಸಾಮಾನಿನ ಶೆಡ್ಡು ಕಾಯುವ ಕೆಲಸ ಅವರಿಗೆ ಸಿಕ್ಕಿತ್ತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಕಾಲೊನಿ ಖಾಲಿಯಾಗುತ್ತಿತ್ತು. ಲಾರಿ ಬಂದು ನಿಲ್ಲುತ್ತಿತ್ತು. ಮಂಚ, ಬೀರು, ತುಳಸಿ ಕುಂಡ ಹತ್ತುತ್ತಿದ್ದವು. ಸಂಜೆಗೆ ಒಂದು ಮನೆಯ ದೀಪ ಕಡಿಮೆ. ಆಡಲು ಮಕ್ಕಳಿರಲಿಲ್ಲ, ಮನೆಗಳಿದ್ದವು. ಬಾಗಿಲು ಕಿತ್ತ ಕ್ವಾರ್ಟರ್ಸೊಂದರ ಒಳಗೆ ಹೋಗಿ, ಕ್ಯಾಲೆಂಡರ್ ತೂಗುಹಾಕಿದ್ದ ಕಡೆ ಉಳಿದ ಬಿಳಿ ಚೌಕವನ್ನು ಬೋರ್ಡು ಮಾಡಿಕೊಂಡು, ಇಲ್ಲದ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಪ್ರಶ್ನೆಯನ್ನೂ ನಾನೇ ಕೇಳಿ ಉತ್ತರವನ್ನೂ ನಾನೇ ಕೊಡುತ್ತಿದ್ದೆ. ಮುಂದೆ ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಮಾಡಿದ್ದು ಬಹುಮಟ್ಟಿಗೆ ಅದನ್ನೇ.

ಸಾಗರದ ಹಾಸ್ಟೆಲ್ಲಿನಲ್ಲಿ ಮೊದಲ ವರ್ಷ ಇಂಗ್ಲಿಷ್ ಪುಸ್ತಕ ತೆರೆದರೆ ಬಾಗಿಲು ಹಾಕಿದ ಮನೆಯ ಮುಂದೆ ನಿಂತ ಹಾಗಾಗುತ್ತಿತ್ತು. ಜೋಗದ ಕಾಲೊನಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸಹಪಾಠಿಯೊಬ್ಬಳು ಒಮ್ಮೆ ಆಸೆಯಿಂದ ಕೇಳಿದಳು.

"ನಿಮ್ಮಪ್ಪನೂ ಡ್ಯಾಮಲ್ಲಿದಾರಂತೆ. ಇಂಜಿನಿಯರ್ರಾ?"

"ಅಲ್ಲ."

"ಮತ್ತೆ ಆಪರೇಟರ್ರಾ?"

"ಅಲ್ಲ."

ಅವಳು ಮುಂದೆ ಕೇಳಲಿಲ್ಲ. ಮುಂದೆ ನನ್ನ ಬೆಂಚಿಗೂ ಬರಲಿಲ್ಲ. ಕೆಟ್ಟವಳಲ್ಲ, ಏನು ಮಾತಾಡಬೇಕೆಂದು ತಿಳಿಯಲಿಲ್ಲ ಅಷ್ಟೆ. ನನಗೂ ತಿಳಿಯಲಿಲ್ಲ. ನಾನು ಬೆಂಚಿನ ತುದಿಯಲ್ಲಿ ಕೂತು ಓದಿದೆ. ಎರಡನೇ ವರ್ಷದ ಪಾಠದಲ್ಲಿ ಮಂಗನ ಕಾಯಿಲೆಯ ವೈರಸ್ಸು ಬಂತು. ಕಾಡಿನಲ್ಲಿ ಮಂಗ ಸಾಯುವುದು, ಅದರ ಮೈಮೇಲಿನ ರಕ್ತ ಹೀರುವ ಉಣುಗು ಇಳಿದು ಮನುಷ್ಯನಿಗೆ ಹತ್ತುವುದು, ಜ್ವರ, ವಸಡಿನಲ್ಲಿ ರಕ್ತ. ಆ ಪುಸ್ತಕದಲ್ಲಿ ನನಗೆ ಮೊದಲೇ ಗೊತ್ತಿದ್ದ ಒಂದೇ ಒಂದು ಪುಟ ಅದು. ಅತ್ತೆಯ ಗಂಡ ಹಾಗೆಯೇ ಸತ್ತಿದ್ದರು. ಹಾಗೆಯೇ ಸತ್ತರು ಎಂದು ಅತ್ತೆ ಹೇಳುತ್ತಿದ್ದಳು, ಅವರ ಅಣ್ಣತಮ್ಮಂದಿರು ಬೇರೆಯೇ ಕಾರಣ ಹೇಳುತ್ತಿದ್ದರು. ನಾನು ಆ ಪುಟವನ್ನು ನಿಘಂಟಿಲ್ಲದೆ ಓದಿದೆ. ವೈರಸ್ಸುಗಳ ಹಿಂದೆ ಹೋದದ್ದು ಅಲ್ಲಿಂದ.

ಎಂಎಸ್ಸಿಗೆ ಹುಲಿಕಲ್ ಘಾಟಿ ಇಳಿದು ಕರಾವಳಿಗೆ ಹೋದೆ. ಅಲ್ಲೇ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆಗೆ ಸೇರಿದೆ. ನಾನು ಸೇರಿದ ಸ್ವಲ್ಪ ಕಾಲಕ್ಕೇ ಕೊರೊನಾ ಬಂತು.

ಆ ದಿನಗಳ ಬಗ್ಗೆ ಎಲ್ಲರಿಗೂ ಅವರವರ ಕತೆಯಿದೆ. ನನ್ನದು ಬಹಳ ಸಣ್ಣದು. ಹಾಸ್ಟೆಲ್ ಖಾಲಿಯಾಯಿತು. ಮೆಸ್ ಮುಚ್ಚಿತು. ಗಂಟಲು ದ್ರವದ ಪರೀಕ್ಷೆಗೆ ಕೈ ಬೇಕಿತ್ತು, ನಾನು ಉಳಿದೆ. ಬೆಳಗ್ಗೆ ಬಿಳಿ ಸೂಟಿನೊಳಗೆ ಹೊಕ್ಕರೆ ಮಧ್ಯಾಹ್ನದವರೆಗೆ ನೀರಿಲ್ಲ, ಮೂತ್ರವಿಲ್ಲ, ಪಕ್ಕದವರ ಕಣ್ಣು ಬಿಟ್ಟರೆ ಮುಖವಿಲ್ಲ. ಮಾತಾಡಿದರೆ ಕನ್ನಡಕ ಮಂಜಾಗುತ್ತದೆಂದು ಸನ್ನೆಯಲ್ಲೇ ಕೆಲಸ. ಹೊರಬಂದು ಮಾಸ್ಕ್ ತೆಗೆದಾಗ ಕೆನ್ನೆಯ ಮೇಲೆ ಅದರ ಗೆರೆ. ಅದನ್ನು ಬೆರಳಿನಿಂದ ಮುಟ್ಟಿಕೊಂಡರೆ ಇಡೀ ದಿನದಲ್ಲಿ ನನ್ನನ್ನು ಯಾರಾದರೂ ಮುಟ್ಟಿದ್ದು ಅದೊಂದೇ. ಅಪ್ಪ ಫೋನು ಮಾಡುತ್ತಿದ್ದರು.

"ಊಟ ಆತಾ?"

"ಆತು."

"ಹುಷಾರು, ಆತಾ?"

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಫೋನು ಹಿಡಿದುಕೊಂಡೇ ಇರುತ್ತಿದ್ದೆವು.

ಮೊದಲ ಅಲೆ ಇಳಿದಾಗ ನನ್ನ ಗೈಡ್ ಆಗಿದ್ದ ಮೇಡಂ ನನಗೊಂದು ಪ್ರಶ್ನೆ ಕೊಟ್ಟರು. ಕೊರೊನಾ ಕುಟುಂಬದಲ್ಲಿ ಹಳೆಯ ವೈರಸ್ಸುಗಳಿವೆ, ಮಳೆಗಾಲದ ನೆಗಡಿ ತರುವವು, ನಮಗೆಲ್ಲ ಎಷ್ಟೋ ಸಲ ಬಂದು ಹೋದವು. ಹೊಸ ವೈರಸ್ಸನ್ನು ಇನ್ನೂ ಕಾಣದವರ ರಕ್ತದಲ್ಲಿ ಆ ಹಳೆಯ ನೆಗಡಿಯ ನೆನಪು ಇರುತ್ತದೆಯೆ? ಇದ್ದರೆ ಅದು ಹೊಸದನ್ನೂ ಗುರುತಿಸುತ್ತದೆಯೆ? ಎಷ್ಟು ಕಾಲ? ಇದಕ್ಕೆ ಒಬ್ಬರ ರಕ್ತ ಒಮ್ಮೆ ಸಿಕ್ಕಿದರೆ ಸಾಲದು. ಅದೇ ಜನರಿಂದ ಸ್ವಲ್ಪ ತಿಂಗಳು ಬಿಟ್ಟು ಮತ್ತೆ ತೆಗೆದು ಎರಡನ್ನೂ ಹೋಲಿಸಬೇಕು. ಸೋಂಕು ಅಷ್ಟಾಗಿ ಮುಟ್ಟದ ಊರು ಬೇಕಿತ್ತು. ನಾನು ಅತ್ತೆಯ ಊರಿನ ಹೆಸರು ಹೇಳಿದೆ.

ಮೊದಲ ಸಲ ಹೋದಾಗ ಅತ್ತೆ ನನ್ನನ್ನು ಒಳಗೆ ಕರೆಯಲಿಲ್ಲ. ಜಗಲಿಯ ತುದಿಯಲ್ಲಿ ಕೂರಿಸಿ ಸ್ಟೀಲ್ ಲೋಟದಲ್ಲಿ ಚಾ ಕೊಟ್ಟು, "ಕುಡಿದ್ಬಿಟ್ಟು ಅಲ್ಲೇ ಬಿಸ್ಲಿಗೆ ಇಡು. ನೀ ಆ ಕೊರೊನಾ ಜೊತೆಗೇ ಇರವ್ಳು" ಅಂದಳು. ಅವಳು ಹೇಳಿದ್ದು ಸರಿಯೇ. ಆದರೂ ಅಪ್ಪನಿಗೆ ಆ ಲೋಟದ ವಿಷಯ ಹೇಳಲಿಲ್ಲ. ಅಪ್ಪನ ಕಾಲದಲ್ಲಿ ನಮ್ಮವರಿಗೆ ಕೆಲವು ಅಂಗಳಗಳಲ್ಲಿ ಚಾ ಕೊಡುತ್ತಿದ್ದದ್ದು ತೆಂಗಿನ ಗರಟೆಯಲ್ಲಿ.

ಶಾಲೆಯ ಜಗಲಿಯಲ್ಲಿ ಬೆಂಚು ಹಾಕಿದೆವು. ಊರಿನ ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳಿಬಂದಿದ್ದರು. ರಕ್ತ ತೆಗೆಯಲು ಆಸ್ಪತ್ರೆಯಿಂದ ಸಿಸ್ಟರ್ ಬಂದಿದ್ದರು. ಜನ ಬಂದರು, ದೂರ ದೂರ ನಿಂತರು, ಮುಂದೆ ಯಾರೂ ಬರಲಿಲ್ಲ. ಶಾಲೆ ಮುಚ್ಚಿದ್ದರೂ ಮಕ್ಕಳ ಮನೆಗೆ ಹಂಚುವ ಅಕ್ಕಿ ಅಳೆಯುತ್ತಿದ್ದ ಅತ್ತೆ ಅಡುಗೆಕೋಣೆಯಿಂದ ಬಂದಳು, ರವಿಕೆಯ ತೋಳು ಮೇಲೆ ಸರಿಸಿ ಬೆಂಚಿನ ಮೇಲೆ ಕೂತಳು.

"ಚುಚ್ಚೇ" ಅಂದಳು ನನ್ನ ಮುಖ ನೋಡಿ.

"ನಂಗೆ ಚುಚ್ಚಕ್ಕೆ ಬರಲ್ಲ ಅತ್ತೆ. ಸಿಸ್ಟರ್ ತೆಗೀತಾರೆ."

"ಬರಲ್ವಾ? ಮತ್ತೆ ಇಷ್ಟು ವರ್ಷ ಎಂತ ಕಲ್ತೆ?"

"ತೆಗೆದ ಮೇಲೆ ನೋಡದು."

"ಹಾಲು ಕರಿಯಕ್ಕೆ ಬರಲ್ಲ, ಮೊಸರು ಕಡಿಯಕ್ಕೆ ಬಂದಿದಾಳೆ!"

ಊರು ನಕ್ಕಿತು. ನಕ್ಕ ಮೇಲೆ ಒಬ್ಬೊಬ್ಬರೇ ಬಂದು ಕೈ ಚಾಚಿದರು. ಅತ್ತೆಯ ಮುಖ ಮಾತ್ರ ಸೂಜಿ ಇಳಿಯುವಾಗ ಬಿಳುಚಿದ್ದನ್ನು ನೋಡಿದೆ. ಹೆದರಿಕೆ ಅಂದುಕೊಂಡೆ.

ಜೀವಂತ ರಕ್ತಕಣ ಬೇಕಿದ್ದರೆ ಆ ಟ್ಯೂಬುಗಳನ್ನು ಐಸಿನಲ್ಲಿಡುವ ಹಾಗಿಲ್ಲ, ಅಲುಗಾಡಿಸುವ ಹಾಗೂ ಇಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ತಬ್ಬಿಕೊಂಡು ಜೀಪಿನಲ್ಲಿ ಘಾಟಿ ಇಳಿದೆ. ಮಾಸ್ತಿಕಟ್ಟೆಯಲ್ಲಿ ಅಪ್ಪ ರಸ್ತೆ ಬದಿ ನಿಂತಿದ್ದರು. ನಿಲ್ಲಿಸುವಷ್ಟು ಸಮಯವಿರಲಿಲ್ಲ. ಅವರು ಕೈ ಎತ್ತಿದರು. ನನ್ನ ಎರಡೂ ಕೈ ಪೆಟ್ಟಿಗೆಯ ಮೇಲಿದ್ದವು.

ಆಮೇಲಿನದು ನನ್ನೊಬ್ಬಳ ಕೆಲಸ. ಬಿಳಿ ರಕ್ತಕಣಗಳನ್ನು ಬೇರೆ ಮಾಡುವುದು, ಅವುಗಳಿಗೆ ವೈರಸ್ಸಿನ ತುಣುಕು ತೋರಿಸುವುದು, ಗುರುತು ಹಿಡಿದವೆ ಎಂದು ಕಾಯುವುದು. ಪರದೆಯ ಮೇಲೆ ಒಂದೊಂದು ಕಣವೂ ಒಂದೊಂದು ಚುಕ್ಕೆ. ಟ್ಯೂಬುಗಳ ಮೇಲೆ ಹೆಸರಿಲ್ಲ, ಬರೀ ಸಂಕೇತ. ಯಾವುದು ಯಾರದೆಂದು ನನಗೂ ತಿಳಿಯಬಾರದು, ಅದು ನಿಯಮ. ಭಾನುವಾರದ ಮಧ್ಯಾಹ್ನಗಳಲ್ಲಿ ಇಡೀ ಕಟ್ಟಡದಲ್ಲಿ ಫ್ರೀಜರಿನ ಗುಂಯ್ ಸದ್ದು ಮತ್ತು ನಾನು. ನನ್ನ ಅತ್ತೆಯ, ಅವಳ ನೆರೆಯವರ, ನನಗೆ ಕೈತುತ್ತು ಕೊಟ್ಟವರ ರಕ್ತದ ನಡುವೆ ಕೂತಿದ್ದೆ. ಯಾರು ಯಾರೆಂದು ಗೊತ್ತಿಲ್ಲ. ಒಂದು ದಿನ ಪರದೆಯ ಮೂಲೆಯಲ್ಲಿ, ಖಾಲಿಯಿರಬೇಕಾದ ಕಡೆ, ಚುಕ್ಕೆಗಳ ಸಣ್ಣ ಗುಂಪು ಕಂಡಿತು. ಹೊಸ ವೈರಸ್ಸನ್ನು ಎಂದೂ ಕಾಣದ ಯಾರದೋ ರಕ್ತ ಅದನ್ನು ಗುರುತಿಸಿತ್ತು. ಎದ್ದು ನಿಂತೆ. ಹೇಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಅಪ್ಪನಿಗೆ ಫೋನು ಮಾಡಿದೆ. "ಊಟ ಆತಾ?" ಅಂದರು. "ಆತು" ಅಂದೆ.

ಎರಡನೆಯ ಸಲದ ರಕ್ತಕ್ಕೆ ಹೋದಾಗ ಶಾಲೆಯ ಜಗಲಿಗೆ ಯಾರೂ ಬರಲಿಲ್ಲ. ಬೆಂಚಿನ ಮೇಲೆ ಸಿಸ್ಟರ್, ಹೊಸ ಟ್ಯೂಬುಗಳ ಪೆಟ್ಟಿಗೆ, ನಾನು. ಬಿಸಿಲು ಜಗಲಿ ದಾಟಿ ಅಂಗಳಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆ ಬಂದು ನನ್ನ ಕಿವಿಯ ಹತ್ತಿರ ಹೇಳಿದರು:

"ಯಾರೂ ಬರಲ್ಲ. ನಿಮ್ ಅತ್ತೆ ಕೊಡಲ್ಲ ಅಂದಾರಂತೆ. ಅವ್ರು ಕೊಡ್ದೆ ನಾವ್ಯಾಕೆ ಅಂತಾರೆ ಎಲ್ಲ."

ಅತ್ತೆ ಅಡುಗೆಕೋಣೆಯ ಹಿಂದೆ ತಿಂಗಳುಗಟ್ಟಲೆ ಬಳಸದ ದೊಡ್ಡ ಅನ್ನದ ಪಾತ್ರೆ ತಿಕ್ಕುತ್ತಿದ್ದಳು. ನಾನು ಹೋಗಿ ನಿಂತರೂ ತಿಕ್ಕುವುದು ನಿಲ್ಲಿಸಲಿಲ್ಲ.

"ಎಂತಕ್ಕೆ ಅತ್ತೆ?"

"ಆ ಪೆಟ್ಟಿಗೇಲಿ ಎಂತ ತಂದೀಯ?"

"ಟ್ಯೂಬು."

"ಖಾಲಿ ಟ್ಯೂಬು."

ಅವಳು ತಿಕ್ಕುತ್ತಿದ್ದ ಪಾತ್ರೆಯನ್ನು ನನ್ನ ಕಡೆಗೆ ವಾಲಿಸಿದಳು.

"ತುಂಬಿಸ್ಕಂಡು ಹೋದೆ, ಖಾಲಿ ಹಿಡ್ಕಂಡು ಬಂದೆ. ಆಚೆಮನೆ ಪಾತ್ರೇನ ಹಂಗೆ ಕೊಡ್ಬಾರ್ದು ಅಂತ ನಿಂಗೆ ರಟ್ಟೆ ಹಿಡ್ದು ಕಲ್ಸಿದೀನಿ ನಾನು. ನಮ್ ಮೈಯ್ಯಾಗಿಂದ ತಗಂಡು ಹೋದ್ದಕ್ಕೆ ಒಂದು ಮಾತಾದ್ರೂ ಬ್ಯಾಡ್ವಾ? ಇಂಥದ್ದು ಇತ್ತು, ಇಂಥದ್ದು ಇಲ್ಲ ಅಂತ?"

"ಹೇಳಕ್ಕೆ ನಿಯಮ ಇಲ್ಲ ಅತ್ತೆ. ಯಾರದ್ದು ಯಾವುದು ಅಂತ ನಂಗೇ ಗೊತ್ತಾಗಲ್ಲ."

"ಅವತ್ತು ಜೀಪಲ್ಲಿ ಬಂದೋರೂ ಹಿಂಗೇ, ಎಂತದೂ ಹೇಳ್ಲಿಲ್ಲ."

ಆಗ ಅವಳು ಕೈ ತೊಳೆದುಕೊಂಡು ಕಟ್ಟೆಯ ಮೇಲೆ ಕೂತಳು. ಮಾವ ಕೊಟ್ಟಿಗೆಗೆ ಒಣ ದರಗೆಲೆ ತರಲು ಕಾಡಿಗೆ ಹೋಗಿ ಬಂದು ಮಲಗಿದ್ದು ನನಗೆ ಗೊತ್ತಿತ್ತು. ಅದೇ ವಾರ ಅತ್ತೆಗೂ ಜ್ವರ ಬಂದದ್ದು, ಜೀಪಿನಲ್ಲಿ ಯಾರೋ ಬಂದು ಇಬ್ಬರ ರಕ್ತವನ್ನೂ ತೆಗೆದುಕೊಂಡು ಹೋದದ್ದು, ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಾವ ತೀರಿಕೊಂಡದ್ದು ಗೊತ್ತಿತ್ತು. ಆ ಜೀಪು ಮತ್ತೆ ಬರಲಿಲ್ಲ ಎನ್ನುವುದು ಗೊತ್ತಿರಲಿಲ್ಲ. ಎಲ್ಲಿಂದ ಬಂದಿತ್ತೆಂದು ವಿಚಾರಿಸಲೂ ಅವಳಿಗೆ ತಿಳಿದಿರಲಿಲ್ಲ. ವರದಿ ಇಲ್ಲದ ಕಡೆ ಮಾವನ ಅಣ್ಣತಮ್ಮಂದಿರು ತಮ್ಮ ಮಾತು ತುಂಬಿದರು. ಕುಡಿದು ಕರುಳು ಸುಟ್ಟುಕೊಂಡು ರಕ್ತ ಕಾರಿ ಸತ್ತ, ಹೆಂಡತಿ ಮುಚ್ಚಿಟ್ಟಳು ಎಂದು. ಮದುವೆ ಮನೆಗಳಲ್ಲಿ ಈಗಲೂ ಹಾಗೆಯೇ ಹೇಳುತ್ತಾರೆ.

"ಆವತ್ತಿಂದ ನಾನು ಯಾರಿಗೂ ಕೈ ಕೊಟ್ಟಿಲ್ಲ. ಮಂಗನ ಕಾಯಿಲೆ ಲಸಿಕೆಗೂ ಕೊಟ್ಟಿಲ್ಲ. ನೀನು ಅಂತ ಕೊಟ್ಟೆ. ನೀನೂ ಜೀಪು ಹತ್ತಿ ಹೋದವ್ಳೇ ಆದ್ಯಲ್ಲೇ."

ಘಾಟಿ ಇಳಿಯುವಾಗ ತೊಡೆಯ ಮೇಲಿನ ಪೆಟ್ಟಿಗೆ ಹಗುರವಾಗಿತ್ತು. ಎಷ್ಟು ಅಲುಗಿದರೂ ಚಿಂತೆಯಿರಲಿಲ್ಲ.

ಮೇಡಂ ಎಲ್ಲ ಕೇಳಿಸಿಕೊಂಡರು. ಒರಟು ಮಾತಿನವರು, ಅನ್ಯಾಯದವರಲ್ಲ.

"ಎಂತ ಮಾರಾಯ್ತಿ, ಎರಡನೇ ಸ್ಯಾಂಪಲ್ ಇಲ್ಲದಿದ್ರೆ ನಿನ್ನ ಥೀಸಿಸ್ ಇಲ್ಲ. ಬೇರೆ ಊರು ಹುಡುಕಿದ್ರೆ ಮೊದಲಿಂದ ಶುರು ಆಗ್ಬೇಕು. ಲಸಿಕೆ ಬಂತು, ಎರಡನೇ ಅಲೆ ಬರ್ತದೆ ಅಂತಾರೆ. ಅಷ್ಟರೊಳಗೆ ಆಗದಿದ್ರೆ ಆ ರಕ್ತ ತಗೊಂಡೂ ಪ್ರಯೋಜನ ಇಲ್ಲ."

"ಅವ್ರಿಗೆ ಅವ್ರವ್ರ ಫಲಿತಾಂಶ ಹೇಳ್ಬೇಕು ಮೇಡಂ."

"ನಮ್ಮದು ರೋಗ ಪತ್ತೆ ಮಾಡುವ ಲ್ಯಾಬ್ ಅಲ್ಲ. ಇದೆ ಅಂತ ಹೇಳಿದ್ರೆ ನಾಳೆ ಮಾಸ್ಕ್ ಬಿಸಾಡ್ತಾರೆ. ಇಲ್ಲ ಅಂದ್ರೆ ನಿದ್ದೆ ಬಿಡ್ತಾರೆ. ಅದಕ್ಕೇ ಎಥಿಕ್ಸ್ ಕಮಿಟಿ ಹೇಳ್ಬಾರ್ದು ಅಂದದ್ದು."

"ನಾನೇ ಹೋಗಿ ಕೂತು ಹೇಳ್ತೀನಿ. ಅರ್ಥ ಆಗೋ ತನಕ ಹೇಳ್ತೀನಿ."

ಅವರು ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು. "ಅರ್ಜಿ ಬರಿ" ಅಂದರು.

ಬರೆದೆ. ಕಮಿಟಿಯವರು ಪ್ರಶ್ನೆ ಕೇಳಿದರು, ಉತ್ತರ ಬರೆದೆ. ಮತ್ತೆ ಕೇಳಿದರು, ಮತ್ತೆ ಬರೆದೆ. ಜೊತೆಯವರೆಲ್ಲ ಥೀಸಿಸ್ಸಿನ ಎರಡನೇ ಅಧ್ಯಾಯ ಮುಗಿಸುತ್ತಿದ್ದರು. ನಾನು ಬೆಳಗ್ಗೆ ಲ್ಯಾಬಿಗೆ ಹೋಗಿ ಖಾಲಿ ಕೂರಬಾರದೆಂದು ಗಾಜಿನ ಸಾಮಾನು ತೊಳೆಯುತ್ತಿದ್ದೆ. ಅತ್ತೆ ಫೋನು ಮಾಡುತ್ತಿರಲಿಲ್ಲ, ನಾನೂ ಮಾಡುತ್ತಿರಲಿಲ್ಲ. ಆಗದ ಮಾತು ಎಂದು ಅವಳು ಹೇಳಿದ್ದು ಅವಳಿಂದಲೇ ನಿಜವಾಗುತ್ತಿದೆ ಅನ್ನಿಸುತ್ತಿತ್ತು. ಹಾಗೆ ಅನ್ನಿಸಿದಾಗೆಲ್ಲ ಆ ತಿಕ್ಕಿದ ಪಾತ್ರೆ ಕಣ್ಣಿಗೆ ಬರುತ್ತಿತ್ತು, ಅವಳದ್ದೇ ಸರಿ ಅನ್ನಿಸುತ್ತಿತ್ತು.

ಅನುಮತಿ ಬಂತು. ಬೇಕೆಂದವರಿಗೆ ಮಾತ್ರ, ಆರೋಗ್ಯ ಕೇಂದ್ರದ ಡಾಕ್ಟರ ಎದುರಿನಲ್ಲಿ, ಇದು ರೋಗದ ಪರೀಕ್ಷೆಯಲ್ಲ ಎಂದು ತಿಳಿಸಿ ಹೇಳಬಹುದು. ಮೇಡಂ ಸಂಕೇತಗಳನ್ನು ಬಿಡಿಸಿ ಹೆಸರು ಕೊಟ್ಟರು. ನಾನು ಇನ್ನೊಂದು ಕೇಳಿದೆ. ಅತ್ತೆ ಒಪ್ಪಿದರೆ ಮೊದಲ ಸಲ ನಮಗೆ ಕೊಟ್ಟ ಅವಳ ಸ್ಯಾಂಪಲ್ಲನ್ನು ಮಂಗನ ಕಾಯಿಲೆಗೂ ನೋಡಬಹುದೆ? ಅಂಥ ಪರೀಕ್ಷೆ ಮಾಡುವ ಬೇರೆ ಲ್ಯಾಬಿಗೆ ಅವರೇ ಹೇಳಿ, ಬೇಕಾದ ಅನುಮತಿ ಕೊಡಿಸಿದರು. ಒಪ್ಪಿಗೆಯ ಕಾಗದವನ್ನು ಆಶಾ ಕಾರ್ಯಕರ್ತೆಯ ಕೈಯಲ್ಲಿ ಕಳಿಸಿದೆ. ಅತ್ತೆ ಸಹಿ ಹಾಕಿ ಕಳಿಸಿದಳು, ಮಾತೇನೂ ಕಳಿಸಲಿಲ್ಲ.

ಊರಿಗೆ ಹೋದಾಗ ಟ್ಯೂಬಿನ ಪೆಟ್ಟಿಗೆಯನ್ನು ಜೀಪಿನಲ್ಲೇ ಸಿಸ್ಟರ್ ಹತ್ತಿರ ಬಿಟ್ಟು, ಆರೋಗ್ಯ ಕೇಂದ್ರದ ಡಾಕ್ಟರ ಜೊತೆ ಮನೆಮನೆಗೆ ನಡೆದೆ. ಪ್ರತಿ ಜಗಲಿಯಲ್ಲೂ ಕೂತೆ. ಮೊದಲ ಮನೆಯಲ್ಲಿ ನನ್ನ ವಿವರಣೆ ನನಗೇ ಅರ್ಥವಾಗಲಿಲ್ಲ. ಮೂರನೆಯ ಮನೆಯ ಹೊತ್ತಿಗೆ ಅಂಗಳದಲ್ಲಿ ಮಲಗಿದ್ದ ನಾಯಿ ದಾರಿ ತೋರಿಸಿತು.

"ಈಗ ನಿಮ್ ನಾಯಿಗೆ ಒಂದ್ಸಲ ಫಾರೆಸ್ಟ್ ಗಾರ್ಡು ಹೊಡೆದಿದ್ರೆ ಎಂತ ಮಾಡ್ತದೆ?"

"ಖಾಕಿ ಕಂಡ್ರೆ ಬೊಗಳ್ತದೆ" ಅಂದರು ಆ ಮನೆಯ ಅಜ್ಜ.

"ಬಸ್ ಕಂಡಕ್ಟ್ರು ಬಂದ್ರೆ?"

"ಅವ್ನಿಗೂ ಬೊಗಳ್ತದೆ. ಖಾಕಿ ಅಲ್ದಾ."

"ಹಂಗೇ. ನಿಮ್ ರಕ್ತಕ್ಕೆ ಹಳೇ ನೆಗಡಿ ಗೊತ್ತು. ಹೊಸ ಕೊರೊನಾನ ತೋರ್ಸಿದ್ರೆ ಇದೂ ಅದೇ ಪೈಕಿ ಅಂತ ಬೊಗಳ್ತು."

ಅಜ್ಜ ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು. "ಬರೀ ಬೊಗಳ್ತದಾ, ಕಚ್ತದಾ?"

ನಗು ಬಂತು. ನನ್ನ ಥೀಸಿಸ್ಸಿನ ಮೂರನೇ ಅಧ್ಯಾಯ ಪೂರ್ತಿ ಅದೇ ಪ್ರಶ್ನೆಯಾಗಬೇಕಿತ್ತು. "ಅದು ಇನ್ನೂ ಗೊತ್ತಿಲ್ಲ ಅಜ್ಜಯ್ಯ. ಅದಕ್ಕೇ ಇನ್ನೊಂದ್ಸಲ ರಕ್ತ ಬೇಕು. ಅಲ್ಲೀವರೆಗೆ ಮಾಸ್ಕ್ ಹಾಕ್ಕಳಿ, ಲಸಿಕೆ ಕೊಟ್ಟಾಗ ತಗಳಿ." ಪಕ್ಕದ ಮನೆಯವರಿಗೆ ನಿಮ್ಮದರಲ್ಲಿ ಏನೂ ಕಾಣಲಿಲ್ಲ ಎಂದಾಗ ಅವರು ಮುಖ ಸಣ್ಣದು ಮಾಡಿ, "ಅಲ್ಲ, ಅವ್ನ ನಾಯಿ ಬೊಗಳ್ತದೆ, ನಮ್ದು ಮಲ್ಗಿರ್ತದಾ?" ಎಂದು ಕೇಳಿದರು. ಡಾಕ್ಟರು ಆಚೆ ತಿರುಗಿ ನಕ್ಕರು.

ಅತ್ತೆಯ ಮನೆಗೆ ಕೊನೆಗೆ ಹೋದೆ. ಒಳಗೆ ಕರೆದಳು. ಕೊರೊನಾದ್ದು ಮೊದಲು ಹೇಳಿದೆ. ಭಾನುವಾರ ನಾನು ಎದ್ದು ನಿಂತ ಆ ಚುಕ್ಕೆಗಳ ಗುಂಪು ಅವಳದ್ದೇ ಆಗಿತ್ತು. ಅವಳು ತಲೆಯಾಡಿಸಿದಳು, ಅದಕ್ಕಾಗಿ ಕಾದಿರಲಿಲ್ಲ.

"ಇನ್ನೊಂದು?"

"ನಿಂಗೆ ಹಿಂದೆ ಬಂದಿದ್ದು ಮಂಗನ ಕಾಯಿಲೆನೇ ಅತ್ತೆ. ಅದ್ರ ಗುರುತು ರಕ್ತದಲ್ಲಿ ಇನ್ನೂ ಇದೆ. ನೀ ಲಸಿಕೆ ತಗಂಡಿಲ್ಲ, ಹಂಗಾಗಿ ಲಸಿಕೆದಲ್ಲ ಅಂತ ಹೇಳ್ಬೋದು."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಹಂಗಾರೆ ಅವ್ರಿಗೂ ಅದೇ."

"ಮಾವಂದು ನಾನು ಹೇಳಕ್ಕಾಗಲ್ಲ. ಅವರ ರಕ್ತ ಇಲ್ಲ."

"ನೀ ಹೇಳ್ಬ್ಯಾಡ. ಒಂದೇ ವಾರ, ಒಂದೇ ಚಾಪೆ. ನಂಗೆ ಸಾಕು."

ಆಮೇಲೆ ಎದ್ದು ಹೋಗಿ ಚಾ ಇಟ್ಟಳು. ಮನೆಯವರು ಕುಡಿಯುವ ಲೋಟದಲ್ಲೇ ಕೊಟ್ಟಳು, ಬಿಸಿಲಿಗಿಡು ಎನ್ನಲಿಲ್ಲ. ಕುಡಿದು ಮುಗಿಸಿದಾಗ, "ಪೆಟ್ಟಿಗೆ ಎಲ್ಲಿಟ್ಟೀಯ? ತಗಂಬಾ, ಸಿಸ್ಟರ್ ಕಾಯ್ತಾರೆ" ಅಂದಳು.

ಆ ದಿನ ಶಾಲೆಯ ಜಗಲಿ ತುಂಬಿತು. ಎರಡನೇ ಅಲೆ ಬರುವ ಮುನ್ನವೇ ರಕ್ತ ಘಾಟಿ ಇಳಿಯಿತು. ಅದರಿಂದ ಸಿಕ್ಕಿದ್ದು ದೊಡ್ಡ ಉತ್ತರವೇನಲ್ಲ. ಕೆಲವರಲ್ಲಿ ನೆನಪು ಉಳಿದಿತ್ತು, ಕೆಲವರಲ್ಲಿ ಮಸುಕಾಗಿತ್ತು. ಬೊಗಳುವುದು ಖಚಿತ, ಕಚ್ಚುವುದು ಅಷ್ಟಕ್ಕಷ್ಟೆ. ಅಷ್ಟನ್ನು ಬರೆಯಲು ಇನ್ನೂ ವರ್ಷಗಳು ಹಿಡಿದವು. ಆ ವರ್ಷಗಳಲ್ಲೂ ನಾನು, ಫ್ರೀಜರು, ಭಾನುವಾರಗಳು.

ಘಟಿಕೋತ್ಸವಕ್ಕೆ ಇಬ್ಬರನ್ನು ಕರೆತರಬಹುದಿತ್ತು. ಅಪ್ಪನ ಕಾಲು ಊದಿತ್ತು, ಘಾಟಿಯ ತಿರುವುಗಳಲ್ಲಿ ಬಸ್ಸು ಅವರಿಗೆ ಆಗುವುದಿಲ್ಲ. ಅತ್ತೆ, "ಮಕ್ಳ ಊಟ ಯಾರು ಬೇಯ್ಸ್ತಾರೆ?" ಅಂದಳು. ಎರಡೂ ಪಾಸು ವಾಪಸು ಕೊಟ್ಟೆ. ವೇದಿಕೆಯ ಮೇಲೆ ನನ್ನ ಹೆಸರು ಕರೆದಾಗ ಚಪ್ಪಾಳೆ ಬಿತ್ತು. ಎಲ್ಲರಿಗೂ ಬೀಳುವ ಚಪ್ಪಾಳೆ. ಪಕ್ಕದ ಹುಡುಗಿಯ ತಾಯಿ ನನ್ನ ಫೋನು ಇಸಿದುಕೊಂಡು ಒಂದು ಫೋಟೊ ತೆಗೆದುಕೊಟ್ಟರು. "ಸ್ವಲ್ಪ ನಗು ಮಗಾ" ಅಂದರು. ಹೊರಗೆ ಮೆಟ್ಟಿಲ ಮೇಲೆ ಎಲ್ಲರೂ ಮನೆಯವರ ನಡುವೆ ನಿಂತಿದ್ದರು. ನಾನು ಬಾಡಿಗೆಯ ಗೌನು ಮಡಚಿ ಕೊಟ್ಟು ಬಸ್‌ಸ್ಟ್ಯಾಂಡಿಗೆ ನಡೆದೆ. ಬೇಜಾರಿತ್ತು. ಹೆಮ್ಮೆಯೂ ಇತ್ತು, ಅದನ್ನೇಕೆ ಮುಚ್ಚಿಡಲಿ. ನಮ್ಮ ಪೈಕಿ ಪಿಯುಸಿ ದಾಟಿದ ಹೆಣ್ಣನ್ನು ತೋರಿಸು ಎಂದಿದ್ದಳಲ್ಲ ಅತ್ತೆ.

ಮಾಸ್ತಿಕಟ್ಟೆಯಲ್ಲಿ ಇಳಿದು ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಕಾಗದದ ಅಂಚು ಮಾತ್ರ ಮುಟ್ಟಿ, ಬಹಳ ಹೊತ್ತು ನೋಡಿದರು. "ಊಟ ಆತಾ?" ಅಂದರು.

ಮರುದಿನ ಅತ್ತೆಯ ಊರಿಗೆ ಹೋದೆ. ಮಕ್ಕಳ ಊಟ ಮುಗಿದಿತ್ತು. ಅಡುಗೆಕೋಣೆಯಲ್ಲಿ ಅದೇ ಇಬ್ಬರು, ಅದೇ ಮೊರ. ಅತ್ತೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕೈ ಒಣಗಿದೆಯೇ ಎಂದು ಕೆನ್ನೆಗೆ ಒತ್ತಿ ನೋಡಿಕೊಂಡಳು. ನಾನು ಸರ್ಟಿಫಿಕೇಟನ್ನು ಅವಳ ಕೈಯಲ್ಲಿಟ್ಟೆ. ಇಂಗ್ಲಿಷು ಅವಳಿಗೆ ಬಾರದು.

"ಡಾಕ್ಟ್ರು ಅಂತ ಎಲ್ಲಿ ಬರೆದಾರೆ?"

ಬೆರಳಿಟ್ಟು ತೋರಿಸಿದೆ.

"ಹಂಗಾರೆ ಇನ್ನೆಂತ, ಅಕ್ಕ" ಅಂದಳು ಇನ್ನೊಬ್ಬ ಅಡುಗೆಯಾಕೆ, "ಕೈ ಚಾಚು, ಚುಚ್ಚಿಸ್ಕ. ಅವತ್ತು ಮಾತು ಕೊಟ್ಟಿದ್ಯಲ್ಲ, ನಾನು ಕೇಳಿದೀನಿ."

ಅತ್ತೆ ಸರ್ಟಿಫಿಕೇಟಿನಿಂದ ಕಣ್ಣು ತೆಗೆಯಲಿಲ್ಲ.

"ಅವ್ಳಿಗೆ ಚುಚ್ಚಕ್ಕೆ ಬರಲ್ಲ ಮಾರಾಯ್ತಿ" ಅಂದಳು. "ಚುಚ್ಚೋರು ಬೇಕಾದಷ್ಟು ಜನ ಬಂದ್ರು. ತಿರುಗಿ ಬಂದು ಹೇಳಿದವ್ಳು ಇವ್ಳೊಬ್ಳೇ."